ಬಲ್ಮಠದ ಸೆಮಿನರಿ: ಕಲಿಸಲು ಬಂದವರ ಕಲಿಕೆ

ಮಂಗಳೂರಿನ ಬಲ್ಮಠದಲ್ಲಿ 1847ರಲ್ಲಿ ಬಾಸೆಲ್ ಮಿಶನ್ನಿನ ಸೆಮಿನರಿ ಆರಂಭವಾಯಿತು. ಪಾದ್ರಿಗಳನ್ನೂ ಉಪದೇಶಿಗಳನ್ನೂ ತಯಾರುಗೊಳಿಸುವ ವಿದ್ಯಾಲಯವದು. ಇಂದಿನ ಕರ್ನಾಟಕ ಥಿಯೋಲಾಜಿಕಲ್ ಕಾಲೇಜು ಅದರ ಮುಂದುವರಿಕೆ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿದ ನಮ್ಮಂಥ ಹೊರನಾಡ ಕನ್ನಡಿಗರಿಗೆ ಈ ಸೆಮಿನರಿಯ ಮೊದಲ ದಿನಗಳಲ್ಲಿ ಒಂದು ವಿಶೇಷ ಅರ್ಥವಿದೆ.

ಅದರ ಹಿಂದಿನ ಮುಖ್ಯ ಶಕ್ತಿ ಹರ್ಮನ್ ಮೊಗ್ಲಿಂಗ್. 1811ರಲ್ಲಿ ಜರ್ಮನಿಯಲ್ಲಿ ಹುಟ್ಟಿ, ಟ್ಯೂಬಿಂಗನ್ನಿನಲ್ಲಿ ದೇವಶಾಸ್ತ್ರ ಓದಿದ ಅವರು 1836ರಲ್ಲಿ ಕರಾವಳಿಗೆ ಬಂದರು. ಬಂದ ಉದ್ದೇಶ ಮತಪ್ರಚಾರ. ಅದನ್ನು ಅವರು ಎಂದೂ ಮರೆಮಾಚಲಿಲ್ಲ. ಆದರೆ ಕಲಿಸಬೇಕಾದರೆ ಮೊದಲು ಕಲಿಯಬೇಕಾಗಿತ್ತು. ಜರ್ಮನ್ ಮನೆಮಾತಿನ ಉಪಾಧ್ಯಾಯರು ಕನ್ನಡದ ವಿದ್ಯಾರ್ಥಿಯಾದರು.

ಆ ಕಲಿಕೆ ಬೇಗನೆ ಬೋಧನೆಯ ಅಗತ್ಯವನ್ನು ಮೀರಿ ಬೆಳೆಯಿತು. 1843ರ ಜುಲೈ 1ರಂದು ಅವರು 'ಮಂಗಳೂರ ಸಮಾಚಾರ'ವನ್ನು ಹೊರತಂದರು. ಕನ್ನಡದ ಮೊದಲ ಪತ್ರಿಕೆ ಅದು. ಕರ್ನಾಟಕದಲ್ಲಿ ಆ ದಿನವನ್ನೇ ಪತ್ರಿಕಾ ದಿನವಾಗಿ ಆಚರಿಸುತ್ತಾರೆ. 1848ರಿಂದ 1853ರವರೆಗೆ, ಕಾಸಮೇಜರ್ ಎಂಬ ಬ್ರಿಟಿಷ್ ಅಧಿಕಾರಿಯ ಧನಸಹಾಯದಿಂದ, 'ಬಿಬ್ಲಿಯೊಥೆಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಕಲ್ಲಚ್ಚಿನಲ್ಲಿ ಪ್ರಕಟಿಸಿದರು. ಕಲ್ಲಚ್ಚಿನಲ್ಲಿ ಮೊಳೆ ಜೋಡಿಸುವ ಕೆಲಸವಿಲ್ಲ. ಪ್ರತಿಯೊಂದು ಪುಟವನ್ನೂ ಕೈಯಿಂದಲೇ ಬರೆಯಬೇಕು. ಶರಣರ ಕಥೆಯನ್ನೂ ಹರಿದಾಸರ ಹಾಡನ್ನೂ ಅನ್ಯಮತದ ಪಾದ್ರಿಯೊಬ್ಬರು ಇಷ್ಟು ಶ್ರಮದಿಂದ ಅಚ್ಚಿಗೆ ತಂದರೆಂಬುದನ್ನು ನಾವು ಹಗುರವಾಗಿ ಕಾಣಲಾರೆವು.

ಈ ಕಥೆಗೆ ಇನ್ನೊಂದು ಮುಖವಿದೆ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯರು ಮೊಗ್ಲಿಂಗರ ಪ್ರಭಾವಕ್ಕೆ ಒಳಗಾಗಿ 1844ರಲ್ಲಿ ಕ್ರೈಸ್ತರಾದರು. ಊರಿನಲ್ಲಿ ಕೋಲಾಹಲವೆದ್ದಿತು. ಹುಟ್ಟಿದ ಸಮಾಜದಿಂದ ಅವರು ಬೇರ್ಪಟ್ಟರು. ಹೆತ್ತವರ ಪಾಲಿಗೆ ಅದು ಮಗನನ್ನು ಕಳೆದುಕೊಂಡಂತೆಯೇ. ಮಿಶನರಿಗಳ ಕನ್ನಡಸೇವೆಯನ್ನು ಹೊಗಳುವಾಗ ಆ ಮನೆಯವರ ಸಂಕಟವನ್ನು ಮರೆತರೆ ಇತಿಹಾಸ ಅರ್ಧವಾಗುತ್ತದೆ. ಕೌಂಡಿನ್ಯರು 1846ರಲ್ಲಿ ಸಮುದ್ರ ದಾಟಿ ಬಾಸೆಲ್ ಸೇರಿದರು. ಅಲ್ಲಿನ ಸೆಮಿನರಿಯಲ್ಲಿ ಓದಿ, ಗುರುದೀಕ್ಷೆ ಪಡೆದು, 1851ರಲ್ಲಿ ತಾಯ್ನಾಡಿಗೆ ಮರಳಿ ಮಂಗಳೂರಿನ ಸೆಮಿನರಿಯಲ್ಲಿ ಅಧ್ಯಾಪಕರಾದರು.

ಹೀಗೆ ಒಂದೇ ವಿದ್ಯಾಲಯದಲ್ಲಿ ಎರಡು ಪ್ರಯಾಣಗಳು ಸಂಧಿಸಿದವು. ಒಬ್ಬರು ಹೊರಗಿನಿಂದ ಬಂದು ಕನ್ನಡದವರಾದರು. ಇನ್ನೊಬ್ಬರು ಇಲ್ಲಿಂದ ಹೋಗಿ, ಅನ್ಯಭಾಷೆಯಲ್ಲಿ ಓದಿ, ತಮ್ಮ ಜನರ ನಡುವೆಯೇ ಕಲಿಸಲು ಹಿಂದಿರುಗಿದರು. ಮೊಗ್ಲಿಂಗರು 1860ರಲ್ಲಿ ಜರ್ಮನಿಗೆ ಮರಳಿದ ಮೇಲೂ ಕನ್ನಡ ಅವರನ್ನು ಬಿಡಲಿಲ್ಲ. ದಾಸರ ಪದಗಳನ್ನು ಜರ್ಮನ್ ಓದುಗರಿಗೆ ಅನುವಾದಿಸಿಕೊಟ್ಟರು. 1881ರಲ್ಲಿ ಅಲ್ಲಿಯೇ ತೀರಿಕೊಂಡರು.

ನಮ್ಮ ನಡುವೆ ತುಳು, ಕೊಂಕಣಿ ಮನೆಮಾತಿನವರು ಬಹಳ. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿಗೆ ಕನ್ನಡ ಬಂದುದು ಊರಿನ ಶಾಲೆಯಿಂದ. ಇಲ್ಲಿ ಬೆಳೆಯುವ ಮಕ್ಕಳಿಗೆ ಬೀದಿಯಲ್ಲಿ ಮರಾಠಿ, ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಕನ್ನಡ ಅವರಿಗೆ ತಾನಾಗಿ ದಕ್ಕುವುದಿಲ್ಲ. ರಕ್ತದಲ್ಲಿದೆ ಎಂದು ಸಮಾಧಾನಪಟ್ಟು ಕುಳಿತರೆ ಮುಂದಿನ ತಲೆಮಾರಿಗೆ ಅದು ಉಳಿಯುವುದೂ ಇಲ್ಲ. ಹುಟ್ಟಿನಿಂದ ಯಾವ ಹಕ್ಕೂ ಇಲ್ಲದ ಮೊಗ್ಲಿಂಗರು ಅಕ್ಷರದಿಂದ ಆರಂಭಿಸಿ ಕನ್ನಡವನ್ನು ದುಡಿದು ಪಡೆದರು. ಅವರ ಮತವನ್ನು ಒಪ್ಪದೆಯೂ ಆ ದುಡಿಮೆಯನ್ನು ನಾವು ಅನುಸರಿಸಬಹುದು. ಹೊರನಾಡಿನಲ್ಲಿ ಕನ್ನಡವನ್ನು ಉಳಿಸುವವರು ಅದನ್ನು ಕಲಿಯಲು ಸಿದ್ಧರಾದವರೇ.