ಕರುಳಿನ ಉರಿ ತಣಿಸಿದ ಎಂಟು ದಶಕಗಳು

ಕರುಳಿನ ದೀರ್ಘಕಾಲದ ಉರಿಯೂತದಲ್ಲಿ ಮುಖ್ಯವಾದವು ಎರಡು ರೋಗಗಳು. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿನ ಒಳಪದರವನ್ನು ಹುಣ್ಣಾಗಿಸುತ್ತದೆ. ರಕ್ತಭೇದಿ ಅದರ ಪ್ರಧಾನ ಲಕ್ಷಣ. ಕ್ರೋನ್ಸ್ ಕಾಯಿಲೆ ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಕಾಣಿಸಿಕೊಂಡು, ಕರುಳಿನ ಗೋಡೆಯ ಆಳಕ್ಕೆ ಇಳಿಯುತ್ತದೆ. ನ್ಯೂಯಾರ್ಕಿನ ಮೌಂಟ್ ಸಿನಾಯ್ ಆಸ್ಪತ್ರೆಯ ಬರಿಲ್ ಕ್ರೋನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು 1932ರಲ್ಲಿ ಇದನ್ನು ವಿವರಿಸಿದರು. ಎರಡರಲ್ಲೂ ದೇಹದ ರಕ್ಷಣಾ ವ್ಯವಸ್ಥೆ ಕರುಳಿನ ಮೇಲೆಯೇ ತಿರುಗಿಬೀಳುತ್ತದೆ. ಬೇರುಸಹಿತ ಗುಣಪಡಿಸುವ ಮದ್ದು ಇನ್ನೂ ಇಲ್ಲ, ತಣಿಸುವ ಮದ್ದುಗಳಿವೆ. ಅವುಗಳ ಚರಿತ್ರೆಯನ್ನು ಮುನ್ನಡೆಸಿದ್ದು ಎರಡು ಪ್ರಶ್ನೆಗಳು: ಔಷಧ ಎಲ್ಲಿಗೆ ತಲುಪಬೇಕು? ಏನನ್ನು ತಡೆಯಬೇಕು?

ಮೊದಲ ಹೆಜ್ಜೆ ಸ್ವೀಡನ್ನಿನದು. ಕೀಲುವಾತಕ್ಕೆ ಮದ್ದು ಹುಡುಕುತ್ತಿದ್ದ ವೈದ್ಯೆ ನನ್ನಾ ಸ್ವಾರ್ಟ್ಸ್, ಸಲ್ಫಾಪಿರಿಡಿನ್ ಎಂಬ ಸಲ್ಫಾ ಔಷಧವನ್ನು ಸ್ಯಾಲಿಸಿಲೇಟ್ ಜೊತೆ ಬೆಸೆದ ಸಲ್ಫಾಸಲಜಿನ್ ಅನ್ನು ಬಳಕೆಗೆ ತಂದರು. 1942ರಲ್ಲಿ ಪ್ರಕಟವಾದ ಅವರ ವರದಿ, ಅದು ಕೊಲೈಟಿಸ್ ರೋಗಿಗಳಿಗೂ ಫಲ ಕೊಟ್ಟಿತೆಂದು ತಿಳಿಸಿತು. ಹೇಗೆ ಎಂಬುದು ಮಾತ್ರ ಮೂರು ದಶಕಗಳ ಕಾಲ ಬಗೆಹರಿಯಲಿಲ್ಲ. 1977ರಲ್ಲಿ ಆಕ್ಸ್‌ಫರ್ಡ್‌ನಲ್ಲಿ, ಮುಂದೆ ಬಾಂಗ್ಲಾದೇಶದ ಹೆಸರಾಂತ ವೈದ್ಯರಾದ ಆಜಾದ್ ಖಾನ್ ಮತ್ತು ಸಂಗಡಿಗರು ಇಡೀ ಔಷಧವನ್ನೂ ಅದರ ಎರಡು ಭಾಗಗಳನ್ನೂ ಎನಿಮಾ ಮೂಲಕ ಬೇರೆಬೇರೆ ರೋಗಿಗಳಿಗೆ ಕೊಟ್ಟು ನೋಡಿದರು. ಗುಣ ಇದ್ದದ್ದು ಸ್ಯಾಲಿಸಿಲೇಟ್ ಭಾಗದಲ್ಲಿ, ಅಂದರೆ ಇಂದಿನ ಮೆಸಲಜಿನ್‌ನಲ್ಲಿ. ಸಲ್ಫಾ ಅದನ್ನು ಹೊತ್ತೊಯ್ಯುವ ವಾಹಕ ಮಾತ್ರ. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಎರಡರ ನಡುವಿನ ಬಂಧವನ್ನು ಕಡಿದಾಗ ಮದ್ದು ಅಲ್ಲೇ ಬಿಡುಗಡೆಯಾಗುತ್ತದೆ. ತಲೆನೋವು, ವಾಕರಿಕೆಯಂಥ ಉಪದ್ರವಗಳು ಹೆಚ್ಚಾಗಿ ಸಲ್ಫಾದ ಕೊಡುಗೆ. ಹೀಗಾಗಿ ಸಲ್ಫಾವನ್ನು ಕೈಬಿಟ್ಟು, ಕರುಳಿನ ಕೆಳಭಾಗದಲ್ಲಷ್ಟೇ ಕರಗುವ ಹೊದಿಕೆಯ ಮೆಸಲಜಿನ್ ಮಾತ್ರೆಗಳು ಬಂದವು. ಮೆಸಲಜಿನ್ ರಕ್ತಕ್ಕಿಂತ ಹೆಚ್ಚಾಗಿ ಒಳಪದರದ ಮೇಲೆಯೇ ಕೆಲಸ ಮಾಡುತ್ತದೆ. ಜೀವಕೋಶದಲ್ಲಿ ಉರಿಯೂತದ ವಂಶವಾಹಿಗಳನ್ನು ಎಬ್ಬಿಸುವ ಸಂಕೇತಗಳನ್ನು ತಗ್ಗಿಸುತ್ತದೆ. ಸೌಮ್ಯ ಕೊಲೈಟಿಸ್‌ಗೆ ಇಂದಿಗೂ ಇದೇ ಮೊದಲ ಮದ್ದು. ಕ್ರೋನ್ಸ್‌ನಲ್ಲಿ ಇದರ ಫಲ ತೀರ ಕಡಿಮೆ.

ತೀವ್ರ ರೋಗಕ್ಕೆ ಬಲವಾದ ಅಸ್ತ್ರವಾಗಿ ಬಂದದ್ದು ಸ್ಟಿರಾಯ್ಡ್. 1955ರಲ್ಲಿ ವೈದ್ಯರಾದ ಟ್ರೂಲವ್ ಮತ್ತು ವಿಟ್ಸ್ ಪ್ರಕಟಿಸಿದ 210 ಕೊಲೈಟಿಸ್ ರೋಗಿಗಳ ಪ್ರಯೋಗದಲ್ಲಿ, ಆರು ವಾರಗಳಲ್ಲಿ ಕಾರ್ಟಿಸೋನ್ ಎಂಬ ಸ್ಟಿರಾಯ್ಡ್ ಪಡೆದವರಲ್ಲಿ ಶೇ 41 ಮಂದಿಗೆ ರೋಗ ಶಮನವಾಯಿತು. ಪಡೆಯದವರಲ್ಲಿ ಶೇ 16 ಮಂದಿಗೆ ಮಾತ್ರ. ಸ್ಟಿರಾಯ್ಡ್ ಜೀವಕೋಶದ ಕೇಂದ್ರಕ್ಕೇ ಹೋಗಿ ಉರಿಯೂತದ ಹತ್ತಾರು ವಂಶವಾಹಿಗಳನ್ನು ಒಮ್ಮೆಲೇ ಅಡಗಿಸುತ್ತದೆ. ಅದರ ಬಲವೂ ಅದೇ, ಅಪಾಯವೂ ಅದೇ: ಮೂಳೆ ಸವೆತ, ಸಕ್ಕರೆ ಕಾಯಿಲೆ, ಸೋಂಕು. ಎದ್ದ ಉರಿಯನ್ನು ಅದು ಆರಿಸುತ್ತದೆ, ಮತ್ತೆ ಏಳದಂತೆ ಕಾಯಲಾರದು. ಆ ಕಾಯುವ ಕೆಲಸಕ್ಕೆ, ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸುವ ಅಜಥಯೋಪ್ರಿನ್ ಬಂತು. ಫಲ ಕಾಣಲು ಎರಡು ಮೂರು ತಿಂಗಳು ಬೇಕು. ಬಿಳಿ ರಕ್ತಕಣಗಳು ಕುಸಿಯಬಹುದಾದ್ದರಿಂದ ರಕ್ತಪರೀಕ್ಷೆ ತಪ್ಪಿಸುವಂತಿಲ್ಲ. ಎನ್‌ಯುಡಿಟಿ15 ಎಂಬ ವಂಶವಾಹಿಯ ಕೆಲವು ರೂಪಗಳಿರುವವರಿಗೆ ಈ ಅಪಾಯ ಹೆಚ್ಚು. ಆ ರೂಪಗಳು ಯುರೋಪಿಯನ್ನರಿಗಿಂತ ಭಾರತೀಯರೂ ಸೇರಿದಂತೆ ಏಷ್ಯಾದವರಲ್ಲಿ ಹೆಚ್ಚಾಗಿ ಕಾಣುತ್ತವೆ.

1998ರಲ್ಲಿ ಅಮೆರಿಕ ಕ್ರೋನ್ಸ್‌ಗೆ ಇನ್‌ಫ್ಲಿಕ್ಸಿಮ್ಯಾಬ್ ಅನ್ನು ಒಪ್ಪಿದಾಗ ದಿಕ್ಕೇ ಬದಲಾಯಿತು. ಈ ಪ್ರತಿಕಾಯ ಟಿಎನ್‌ಎಫ್ ಎಂಬ ಒಂದೇ ಸಂದೇಶವಾಹಕ ಪ್ರೋಟೀನನ್ನು ಹಿಡಿದು ಕಟ್ಟುತ್ತದೆ. ಆದರೆ ಟಿಎನ್‌ಎಫ್ ಕ್ಷಯದ ರೋಗಾಣುವನ್ನು ದೇಹದಲ್ಲಿ ಕೂಡಿಹಾಕಿಡುವ ಕಾವಲುಗಾರನೂ ಹೌದು. ಅದನ್ನು ಕಟ್ಟಿದರೆ ಮಲಗಿದ್ದ ಕ್ಷಯ ಎದ್ದೇಳಬಹುದೆಂದು 2001ರಲ್ಲಿ ಸ್ಪಷ್ಟವಾಯಿತು. ಭಾರತದಲ್ಲಿ ಈ ತೊಡಕು ಇಮ್ಮಡಿ. ಕರುಳಿನ ಕ್ಷಯ ಮತ್ತು ಕ್ರೋನ್ಸ್ ನೋಡಲು ಒಂದೇ ಬಗೆ; ತಪ್ಪು ಗುರುತಿಸಿ ಟಿಎನ್‌ಎಫ್ ತಡೆ ಕೊಟ್ಟರೆ ಜೀವಕ್ಕೇ ಕುತ್ತು.

ಮುಂದಿನ ಔಷಧಗಳು ಬೇರೆ ಬೇರೆ ಗುರಿಗಳನ್ನು ಹಿಡಿದವು. 2014ರಲ್ಲಿ ಬಂದ ವೆಡೊಲಿಜುಮ್ಯಾಬ್, ಬಿಳಿ ರಕ್ತಕಣಗಳು ರಕ್ತನಾಳ ದಾಟಿ ಕರುಳಿನೊಳಗೆ ನುಸುಳದಂತೆ ಬಾಗಿಲಲ್ಲೇ ತಡೆಯುತ್ತದೆ. ದೇಹದ ಉಳಿದ ಭಾಗದ ರಕ್ಷಣೆಯನ್ನು ಬಹುಮಟ್ಟಿಗೆ ಮುಟ್ಟುವುದಿಲ್ಲ. 2016ರಲ್ಲಿ ಕ್ರೋನ್ಸ್‌ಗೆ ಒಪ್ಪಿಗೆ ಪಡೆದ ಉಸ್ಟೆಕಿನುಮ್ಯಾಬ್ ಇಂಟರ್‌ಲ್ಯೂಕಿನ್ 12 ಮತ್ತು 23 ಎಂಬ ಸಂದೇಶವಾಹಕಗಳನ್ನು ಹಿಡಿಯುತ್ತದೆ. 2018ರಲ್ಲಿ ಕೊಲೈಟಿಸ್‌ಗೆ ಒಪ್ಪಿಗೆ ಪಡೆದ ಟೊಫಾಸಿಟಿನಿಬ್ ಇಂಜೆಕ್ಷನ್ ಅಲ್ಲ, ನುಂಗುವ ಮಾತ್ರೆ. ಜೀವಕೋಶದೊಳಗಿನ ಜಾಕ್ ಕಿಣ್ವಗಳನ್ನು ತಡೆದು ಹಲವು ಸಂದೇಶಗಳನ್ನು ಒಟ್ಟಿಗೆ ನಿಲ್ಲಿಸುತ್ತದೆ. ಸರ್ಪಸುತ್ತು, ರಕ್ತ ಹೆಪ್ಪುಗಟ್ಟುವಿಕೆಯ ಬಗ್ಗೆ ಎಚ್ಚರ ಬೇಕು. ಭಾರತದಲ್ಲಿ 2014ರಿಂದ, ಟಿಎನ್‌ಎಫ್ ತಡೆಯುವ ಇನ್ನೊಂದು ಪ್ರತಿಕಾಯವಾದ ಅಡಲಿಮುಮ್ಯಾಬ್‌ನ ಬಯೋಸಿಮಿಲರ್ (ಮೂಲವನ್ನು ಹೋಲುವ ಅಗ್ಗದ ರೂಪ), ಆಮೇಲೆ ಟೊಫಾಸಿಟಿನಿಬ್‌ನ ಜನರಿಕ್ ಸಿಗತೊಡಗಿ ಬೆಲೆ ಇಳಿದಿದೆ. ಆದರೂ ಬಡ ಕುಟುಂಬಕ್ಕೆ ಪ್ರತಿಕಾಯದಂಥ ಬಯೋಲಾಜಿಕ್ ಔಷಧ ಈಗಲೂ ಭಾರವೇ.

ಒಂದು ಎಚ್ಚರಿಕೆ ಎಲ್ಲ ರೋಗಿಗಳಿಗೂ ತಲುಪಬೇಕು. ಉರಿಯೂತದ ಮಾತ್ರೆ ಎಂದೊಡನೆ ನೆನಪಾಗುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಈ ಸಾಲಿಗೆ ಸೇರುವುದಿಲ್ಲ. ಕರುಳಿನ ಒಳಪದರವನ್ನು ಕಾಯುವ ಪ್ರೋಸ್ಟಾಗ್ಲಾಂಡಿನ್‌ಗಳನ್ನು ಅವು ಕುಗ್ಗಿಸುವುದರಿಂದ ರೋಗ ಕೆರಳಬಹುದು. ಮೈಕೈ ನೋವಿಗೆ ಅಂಗಡಿಯಿಂದ ಅವನ್ನು ತಂದು ನುಂಗಬೇಡಿ. ಹಳೆಯ ಚೀಟಿ ತೋರಿಸಿ ಸ್ಟಿರಾಯ್ಡ್ ಕೊಳ್ಳಬೇಡಿ. ರಕ್ತ ನಿಂತಿತೆಂದು ಮೆಸಲಜಿನ್ ಬಿಡಬೇಡಿ. ಎಂಟು ದಶಕಗಳ ಶ್ರಮದಿಂದ ಕೈಗೆ ಬಂದ ಈ ಮದ್ದುಗಳು ಫಲ ಕೊಡುವುದು, ವೈದ್ಯರ ಕಣ್ಗಾವಲಿನಲ್ಲಿ ಬಿಡದೆ ತೆಗೆದುಕೊಂಡಾಗ.