ನ್ಯಾಚೆಝ್‌ನ ಹತ್ತಿಯ ಹೊಲದಲ್ಲಿ ಒಬ್ಬ ಹಾಫಿಝರ ನಾಡಿನ ರಾಜಕುಮಾರ

1828ರ ಡಿಸೆಂಬರ್‌ನಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಆಫ್ರಿಕನ್ ವೃದ್ಧರೊಬ್ಬರ ಮುಂದೆ ಕಾಗದವಿಟ್ಟು, ಕ್ರೈಸ್ತರು ಪಠಿಸುವ ಪ್ರಸಿದ್ಧ ಪ್ರಾರ್ಥನೆಯನ್ನು ಅರಬಿಯಲ್ಲಿ ಬರೆದುಕೊಡುವಂತೆ ಕೇಳಲಾಯಿತು. ಅವರು ಬರೆದುಕೊಟ್ಟರು. ಅರಬಿ ಅರಿಯದ ಜನ ತಾವು ಕೇಳಿದ್ದೇ ದೊರೆಯಿತೆಂದು ನಂಬಿ ಆ ಹಾಳೆಯನ್ನು ಜೋಪಾನವಾಗಿಟ್ಟರು. ಅದು ಇಂದಿಗೂ ಉಳಿದಿದೆ. ಅದರಲ್ಲಿರುವುದು ಸೂರಃ ಅಲ್ ಫಾತಿಹಾ.

ಆ ವೃದ್ಧರ ಹೆಸರು ಅಬ್ದುರ್ರಹ್ಮಾನ್ ಇಬ್ರಾಹೀಮ. ಇಂದಿನ ಗಿನಿ ದೇಶದಲ್ಲಿರುವ ಫೂತಾ ಜಲ್ಲೋನ್ ಎಂಬ ಇಸ್ಲಾಮೀ ರಾಜ್ಯದ ಅರಸನ ಮಗ. ಬಾಲ್ಯದಲ್ಲಿ ಟಿಂಬಕ್ಟುವಿನಲ್ಲಿ ವಿದ್ಯಾರ್ಜನೆ ಮಾಡಿದವರು. 1788ರಲ್ಲಿ, ತಮ್ಮ 26ನೆಯ ವಯಸ್ಸಿನಲ್ಲಿ, ಯುದ್ಧದಲ್ಲಿ ಸೆರೆಸಿಕ್ಕು ಗುಲಾಮರ ಹಡಗಿಗೆ ಮಾರಲ್ಪಟ್ಟರು. ಒಂದು ಕಹಿ ಸತ್ಯವನ್ನೂ ಇಲ್ಲಿ ಹೇಳಬೇಕು: ಅವರ ತಂದೆಯ ರಾಜ್ಯವೂ ಯುದ್ಧಕೈದಿಗಳನ್ನು ಗುಲಾಮರಾಗಿ ಮಾರುತ್ತಿತ್ತು. ನಮ್ಮವರ ಇತಿಹಾಸವೆಂದು ಇದನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ.

ಮಿಸಿಸಿಪ್ಪಿ ನದಿಯ ದಡದ ನ್ಯಾಚೆಝ್‌ನಲ್ಲಿ ಥಾಮಸ್ ಫೋಸ್ಟರ್ ಎಂಬ ಕೃಷಿಕ ಅವರನ್ನು ಕೊಂಡುಕೊಂಡ. ಆಗ ಅಲ್ಲಿನ ಬೆಳೆ ತಂಬಾಕು. ಐದೇ ವರ್ಷಗಳಲ್ಲಿ ಎಲ್ಲವೂ ಬದಲಾಯಿತು. 1793ರಲ್ಲಿ ಎಲೈ ವಿಟ್ನಿ ಹತ್ತಿಯಿಂದ ಬೀಜ ಬೇರ್ಪಡಿಸುವ ಯಂತ್ರವನ್ನು ರೂಪಿಸಿದ. ಕೈಯಿಂದ ದಿನವಿಡೀ ಬಿಡಿಸಿದರೆ ಒಂದು ಪೌಂಡಿನಷ್ಟು ನೂಲಿನ ಹತ್ತಿ ಸಿಗುತ್ತಿದ್ದಲ್ಲಿ, ಯಂತ್ರ ಹಲವು ಹತ್ತು ಪೌಂಡುಗಳನ್ನು ಕೊಡತೊಡಗಿತು. ಯಂತ್ರ ಶ್ರಮವನ್ನು ಹಗುರಗೊಳಿಸುತ್ತದೆಂಬುದು ಸಾಮಾನ್ಯ ಗ್ರಹಿಕೆ. ಇಲ್ಲಿ ಆದದ್ದು ತದ್ವಿರುದ್ಧ. ಬೀಜ ತೆಗೆಯುವ ಕೆಲಸವನ್ನು ಯಂತ್ರ ಮಾಡಿತು, ಆದರೆ ಬಿತ್ತುವುದೂ ಕೀಳುವುದೂ ಮನುಷ್ಯರ ಪಾಲಿಗೇ ಉಳಿಯಿತು. 1790ರಲ್ಲಿ ಸುಮಾರು 7 ಲಕ್ಷವಿದ್ದ ಗುಲಾಮರ ಸಂಖ್ಯೆ 1830ರಲ್ಲಿ 20 ಲಕ್ಷ ತಲುಪಿತು. 1808ರಲ್ಲಿ ವಿದೇಶಗಳಿಂದ ಗುಲಾಮರನ್ನು ತರುವುದು ನಿಷಿದ್ಧವಾಯಿತೇನೋ ನಿಜ. ಆದರೆ ದೇಶದೊಳಗಿನ ಮಾರಾಟಕ್ಕೆ ತಡೆಯಿರಲಿಲ್ಲ. ವರ್ಜೀನಿಯಾದಂಥ ಹಳೆಯ ಪ್ರಾಂತ್ಯಗಳ ಗುಲಾಮರನ್ನು ಹೆಂಡಿರು ಮಕ್ಕಳಿಂದ ಅಗಲಿಸಿ ದಕ್ಷಿಣದ ಹತ್ತಿಯ ನೆಲಕ್ಕೆ ಸಾಗಿಸಲಾಯಿತು.

ಉತ್ತರದವರ ಕೈಗಳೂ ಶುಭ್ರವಾಗಿರಲಿಲ್ಲ. 1825ರಲ್ಲಿ ಪೂರ್ಣಗೊಂಡ 363 ಮೈಲಿಗಳ ಈರೀ ಕಾಲುವೆ, ಲೋವೆಲ್ ಪಟ್ಟಣದಲ್ಲಿ ರೈತರ ಹೆಣ್ಣುಮಕ್ಕಳು ದುಡಿಯುತ್ತಿದ್ದ ಜವಳಿ ಗಿರಣಿಗಳು ಆ ಕಾಲದ ಪ್ರಗತಿಯ ಗುರುತುಗಳು. ಗಿರಣಿಗಳಲ್ಲಿ ನೇಯಲ್ಪಡುತ್ತಿದ್ದುದು ಮಾತ್ರ ಇಬ್ರಾಹೀಮರಂಥವರು ಬೆಳೆದ ಹತ್ತಿ.

1807ರಲ್ಲಿ ಒಂದು ಅಚ್ಚರಿ ನಡೆಯಿತು. ಪೇಟೆಯಲ್ಲಿ ಗೆಣಸು ಮಾರುತ್ತಿದ್ದ ಇಬ್ರಾಹೀಮರನ್ನು ಜಾನ್ ಕಾಕ್ಸ್ ಎಂಬ ವೈದ್ಯ ಗುರುತಿಸಿದ. ಸುಮಾರು 25 ವರ್ಷಗಳ ಹಿಂದೆ ಆಫ್ರಿಕಾದ ಕರಾವಳಿಯಲ್ಲಿ ಹಡಗು ತಪ್ಪಿ, ರೋಗಪೀಡಿತನಾಗಿ ಅಲೆಯುತ್ತಿದ್ದ ಆತನನ್ನು ಇಬ್ರಾಹೀಮರ ತಂದೆ ತಿಂಗಳುಗಟ್ಟಲೆ ಅತಿಥಿಯಾಗಿ ಸಲಹಿ, ಗುಣಪಡಿಸಿ ಕಳುಹಿಸಿದ್ದರು. ಋಣ ತೀರಿಸಲು ಕಾಕ್ಸ್ ದೊಡ್ಡ ಮೊತ್ತವನ್ನೇ ಮುಂದಿಟ್ಟ. ಫೋಸ್ಟರ್ ಒಪ್ಪಲಿಲ್ಲ. ಇಬ್ರಾಹೀಮರಿಲ್ಲದೆ ಆತನ ತೋಟ ನಡೆಯುವಂತಿರಲಿಲ್ಲ.

ಮತ್ತೆ 19 ವರ್ಷಗಳು ಕಳೆದ ಮೇಲೆ, 1826ರಲ್ಲಿ, ಅವರು ಅರಬಿಯಲ್ಲಿ ಒಂದು ಪತ್ರ ಬರೆದರು. ಸ್ಥಳೀಯ ಪತ್ರಿಕೋದ್ಯಮಿಯೊಬ್ಬ ಅವರನ್ನು ಮೊರಾಕೊದವರೆಂದು ಭಾವಿಸಿದ್ದರಿಂದ ಪತ್ರ ಸರಕಾರದ ಮೂಲಕ ಮೊರಾಕೊಗೆ ಹೋಯಿತು. ಅಲ್ಲಿನ ಸುಲ್ತಾನ ಅವರ ಬಿಡುಗಡೆ ಬಯಸಿದ. ಆ ಸ್ನೇಹ ಅಮೆರಿಕಕ್ಕೆ ಬೇಕಿತ್ತು. ನಲವತ್ತು ವರ್ಷಗಳ ಗುಲಾಮಗಿರಿಯನ್ನು ಕೊನೆಗಾಣಿಸಿದ್ದು ನ್ಯಾಯಪ್ರಜ್ಞೆಗಿಂತ ಹೆಚ್ಚಾಗಿ ಒಂದು ತಪ್ಪು ಗ್ರಹಿಕೆ! ಫೋಸ್ಟರ್ ಹಾಕಿದ ಷರತ್ತೂ ಗಮನಾರ್ಹ: ಇಬ್ರಾಹೀಮರು ಆಫ್ರಿಕಾಕ್ಕೆ ತೆರಳಬೇಕು, ಅಮೆರಿಕದಲ್ಲಿ ಸ್ವತಂತ್ರರಾಗಿ ಬಾಳಕೂಡದು. ಪತ್ನಿ ಇಸಬೆಲ್ಲಾರ ಬಿಡುಗಡೆಗೆ ನ್ಯಾಚೆಝ್‌ನ ಜನರೇ ಹಣ ಕೂಡಿಸಿದರು. ಮಕ್ಕಳು ಫೋಸ್ಟರನ ಸೊತ್ತಾಗಿ ಉಳಿದರು.

ಮಕ್ಕಳನ್ನು ಕೊಂಡು ಬಿಡಿಸಲು ಆ ವೃದ್ಧ ತಂದೆ ಊರೂರು ಸುತ್ತಿ ದೇಣಿಗೆ ಎತ್ತಿದರು. ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್‌ರನ್ನೂ ಕಂಡರು. ಅದು ಚುನಾವಣೆಯ ವರ್ಷ. ಆಸ್ತಿಯ ಅರ್ಹತೆ ಸಡಿಲಗೊಂಡು ಸಾಮಾನ್ಯ ಬಿಳಿಯ ಗಂಡಸರಿಗೆಲ್ಲ ಮತ ದೊರೆಯುತ್ತಿದ್ದ ಕಾಲ. 1824ರಲ್ಲಿ 4 ಲಕ್ಷಕ್ಕೂ ಕಡಿಮೆಯಿದ್ದ ಮತದಾರರು 1828ರಲ್ಲಿ 11 ಲಕ್ಷ ದಾಟಿದರು. ಆದರೆ ಅದೇ ನ್ಯೂಯಾರ್ಕ್, 1821ರಲ್ಲಿ ಬಿಳಿಯರಿಗೆ ಆಸ್ತಿಯ ನಿಯಮವನ್ನು ಸಡಿಲಿಸುತ್ತಲೇ, ಕಪ್ಪು ಜನರಿಗೆ 250 ಡಾಲರಿನ ಆಸ್ತಿಯ ಕಟ್ಟಳೆ ವಿಧಿಸಿತು. ಜನಸಾಮಾನ್ಯರ ನಾಯಕನೆನಿಸಿದ ಆಂಡ್ರ್ಯೂ ಜಾಕ್ಸನ್ ಸ್ವತಃ ಗುಲಾಮರ ಒಡೆಯ. ಆತನ ಬೆಂಬಲಿಗರು ಇಬ್ರಾಹೀಮರ ಪ್ರವಾಸವನ್ನೇ ಆಡಮ್ಸ್ ವಿರುದ್ಧದ ಅಸ್ತ್ರವಾಗಿಸಿಕೊಂಡರು. ಜಾಕ್ಸನ್ ಗೆದ್ದ. ಎರಡೇ ವರ್ಷಗಳಲ್ಲಿ ಮೂಲನಿವಾಸಿಗಳನ್ನು ಹೊರಗಟ್ಟುವ ಕಾನೂನು ಬಂತು. ಮಿಸಿಸಿಪ್ಪಿಯ ಚಾಕ್ಟಾ ಜನ 1830ರಲ್ಲಿ 1 ಕೋಟಿಗೂ ಹೆಚ್ಚು ಎಕರೆ ನೆಲ ಕಳೆದುಕೊಂಡರು. ಆ ನೆಲಕ್ಕೂ ಹತ್ತಿ ಬಂತು, ಹತ್ತಿಯ ಹಿಂದೆ ಗುಲಾಮರು ಬಂದರು.

1829ರ ಫೆಬ್ರವರಿಯಲ್ಲಿ ದಂಪತಿಗಳು ಲೈಬೀರಿಯಾಕ್ಕೆ ಹಡಗು ಹತ್ತಿದರು. ಹುಟ್ಟೂರು ಟಿಂಬೊ ಇನ್ನೂ ದೂರವಿತ್ತು. ಜುಲೈಯಲ್ಲಿ, ಅದನ್ನು ಕಾಣದೆಯೇ, 67ನೆಯ ವಯಸ್ಸಿನಲ್ಲಿ ಇಬ್ರಾಹೀಮ ನಿಧನರಾದರು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್. ಅದೇ ವರ್ಷ ಫೋಸ್ಟರನೂ ಸತ್ತು, ಆತನ ಗುಲಾಮರು ವಾರಸುದಾರರಲ್ಲಿ ಹಂಚಿಹೋದರು. ಕೂಡಿಟ್ಟ ದೇಣಿಗೆಯಿಂದ ಇಬ್ಬರು ಗಂಡುಮಕ್ಕಳನ್ನೂ ಅವರ ಕುಟುಂಬಗಳನ್ನೂ ಬಿಡಿಸಲಾಯಿತು. ಅವರು ಮನ್ರೋವಿಯಾಕ್ಕೆ ಬಂದು ತಾಯಿ ಇಸಬೆಲ್ಲಾರನ್ನು ಸೇರಿಕೊಂಡರು. ಉಳಿದ ಮಕ್ಕಳು ಮಿಸಿಸಿಪ್ಪಿಯಲ್ಲಿ ಗುಲಾಮರಾಗಿಯೇ ಉಳಿದರು.