ಎಪ್‌ವರ್ತಿನ ಅಡುಗೆಮನೆ

ಇಂಗ್ಲೆಂಡಿನ ಲಿಂಕನ್‌ಶೈರ್ ಸೀಮೆಯಲ್ಲಿ ಎಪ್‌ವರ್ತ್ ಎಂಬುದೊಂದು ಊರು. 18ನೆಯ ಶತಮಾನದ ಆದಿಯಲ್ಲಿ ಅಲ್ಲಿಯ ಪಾದ್ರಿ ಸ್ಯಾಮ್ಯುಅಲ್ ವೆಸ್ಲಿ. ಪಂಡಿತ, ಕವಿ; ಸಾಲ ತೀರಿಸಲಾರದೆ 1705ರಲ್ಲಿ ಸೆರೆಮನೆಯನ್ನೂ ಕಂಡವನು. ಆತನ ಮಕ್ಕಳಾದ ಜಾನ್ ಮತ್ತು ಚಾರ್ಲ್ಸರಿಂದ ಮೆಥೋಡಿಸ್ಟ್ ಪಂಥ ಹುಟ್ಟಿತು. ಮೈಸೂರಿನಿಂದ ‘ವೃತ್ತಾಂತ ಪತ್ರಿಕೆ’ಯನ್ನು ಹೊರಡಿಸಿದ ವೆಸ್ಲಿಯನ್ ಮಿಶನ್ನಿನ ಮೂಲಕ ಆ ಮನೆತನದ ಹೆಸರು ಕನ್ನಡಿಗರಿಗೂ ಹೊಸದಲ್ಲ. ನಾನು ಇಲ್ಲಿ ನೆನೆಯಬಯಸುವುದು ಅವರ ತಾಯಿ ಸೂಸನ್ನಾಳನ್ನು.

1669ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಆಕೆ 19 ಮಕ್ಕಳನ್ನು ಹೆತ್ತಳು. ಸುಮಾರು ಅರ್ಧದಷ್ಟು ಶೈಶವದಲ್ಲಿಯೇ ತೀರಿಕೊಂಡವು. 1709ರ ಫೆಬ್ರವರಿಯ ಒಂದು ರಾತ್ರಿ ಮನೆ ಸುಟ್ಟುಹೋಯಿತು. ಐದು ವರ್ಷದ ಜಾನನನ್ನು ಊರವರು ಕಿಟಕಿಯಿಂದ ಇಳಿಸಿ ಉಳಿಸಿದರು. ಎಲ್ಲವನ್ನೂ ಸಹಿಸಿದ ಸಾಧ್ವಿ ಎಂದು ಹೊಗಳಿ ಮುಗಿಸುವುದು ಸುಲಭ. ಸಹನೆಯನ್ನು ಹೊಗಳುತ್ತ ಹೆಂಗಸರ ಬುದ್ಧಿಯನ್ನು ಮರೆಮಾಡುವುದು ನಮ್ಮಲ್ಲಿಯೂ ಉಂಟಷ್ಟೆ.

1711–12ರ ಚಳಿಗಾಲ. ಪತಿ ಧರ್ಮಸಭೆಯ ಕೆಲಸಕ್ಕಾಗಿ ಲಂಡನ್ನಿಗೆ ಹೋಗಿದ್ದ. ಭಾನುವಾರದ ಸಂಜೆ ಆಕೆ ಮಕ್ಕಳನ್ನೂ ಆಳುಗಳನ್ನೂ ಅಡುಗೆಮನೆಯಲ್ಲಿ ಕೂರಿಸಿಕೊಂಡು ಪ್ರಾರ್ಥನೆಯನ್ನೂ ಒಂದು ಪ್ರವಚನವನ್ನೂ ಓದುತ್ತಿದ್ದಳು. ಆಳುಹುಡುಗ ತನ್ನ ತಂದೆತಾಯಿಗಳಿಗೆ ಹೇಳಿದ. ಅವರು ಬಂದರು, ನೆರೆಯವರೂ ಬಂದರು. ಆ ದಿನಗಳಲ್ಲೇ ಮಗಳು ಎಮಿಲಿಯಾಳಿಗೆ ತಂದೆಯ ಓದುವ ಕೋಣೆಯಲ್ಲಿ ಒಂದು ಪುಸ್ತಕ ಸಿಕ್ಕಿತು: ಡೆನ್ಮಾರ್ಕಿನ ದೊರೆ ಕಳುಹಿಸಲು, 1706ರಲ್ಲಿ ತಮಿಳು ಕರಾವಳಿಯ ತರಂಗಂಬಾಡಿಯಲ್ಲಿ ಬಂದಿಳಿದ ಮಿಶನರಿಗಳ ವೃತ್ತಾಂತ. ನಮ್ಮ ನೆರೆಯ ಕಡಲದಂಡೆಯ ಸುದ್ದಿ ಆ ಗೃಹಿಣಿಯ ಮನಸ್ಸನ್ನು ಕಲಕಿತು. ತಾನು ಗಂಡಸಲ್ಲ, ಪಾದ್ರಿಯಲ್ಲ. ಆದರೂ ಈಗ ಮಾಡುತ್ತಿರುವುದಕ್ಕಿಂತ ಹೆಚ್ಚನ್ನು ಮಾಡಬಹುದೆಂದುಕೊಂಡಳು. ಒಬ್ಬೊಬ್ಬ ಮಗುವಿನೊಡನೆ ಏಕಾಂತವಾಗಿ ಮಾತನಾಡಲು ವಾರದ ಒಂದೊಂದು ಸಂಜೆಯನ್ನು ಮೀಸಲಿಟ್ಟಳು. ಜಾನನದು ಗುರುವಾರ. ಬೆಳೆದು ಆಕ್ಸ್‌ಫರ್ಡಿನಲ್ಲಿದ್ದಾಗಲೂ ಆತ ಆ ಗುರುವಾರದ ಹೊತ್ತನ್ನು ಬೇಡಿ ತಾಯಿಗೆ ಬರೆದನು!

ಅಡುಗೆಮನೆಗೆ ಬರುವವರು 200 ಮೀರಿದರು. ನಿಲ್ಲಲು ಸ್ಥಳವಿಲ್ಲದೆ ಹಲವರು ಹಿಂದಿರುಗಿದರು. ಸಹಾಯಕ ಪಾದ್ರಿ ದೂರು ಬರೆದ. ಹೆಂಗಸು ಹೀಗೆ ಮಾಡುವುದು ಸರಿಯಲ್ಲ, ಬೇರೆ ಯಾರಾದರೂ ಓದಲಿ ಎಂದು ಪತಿ ಸೂಚಿಸಿದ. ಅಕ್ಷರ ಕೂಡಿಸಿಕೊಳ್ಳದೆ ಪ್ರವಚನ ಓದಬಲ್ಲವರು ಅವರಲ್ಲಿ ಒಬ್ಬರೂ ಇಲ್ಲವೆಂದು ಆಕೆಯ ಉತ್ತರ. 1712ರ ಫೆಬ್ರವರಿಯ ಪತ್ರ ಇನ್ನೂ ಖಚಿತವಾದದ್ದು. ನಿಲ್ಲಿಸಬೇಕೆಂದು ಬಯಸುತ್ತೇನೆ ಎಂದರೆ ಸಾಲದು; ಸ್ಪಷ್ಟವಾಗಿ ಆಜ್ಞಾಪಿಸಿ; ಕಡೆಯ ತೀರ್ಪಿನ ದಿನ ನಾವಿಬ್ಬರೂ ದೇವರ ಮುಂದೆ ನಿಂತಾಗ ಆ ದೋಷ ನನ್ನದಾಗಬಾರದು. ವಿಧೇಯತೆಯ ಕಟ್ಟಳೆಯೊಳಗೇ ನಿಂತು ದೋಷದ ಲೆಕ್ಕವನ್ನು ಪತಿಯ ಖಾತೆಗೆ ಬರೆದ ಈ ಜಾಣ್ಮೆಗೆ ನಾನು ತಲೆದೂಗುತ್ತೇನೆ. ಕೂಟ ನಡೆಯಿತು.

1735ರಲ್ಲಿ ವಿಧವೆಯಾಗಿ, ಮಕ್ಕಳ ಮನೆಗಳಲ್ಲಿದ್ದು, ಕೊನೆಗೆ ಲಂಡನ್ನಿನಲ್ಲಿ ಜಾನನೊಡನೆ ನೆಲೆಸಿದಳು. ಹಳೆಯ ಫಿರಂಗಿ ಎರಕದ ಕಾರ್ಖಾನೆಯೊಂದು ಆತನ ಪ್ರಾರ್ಥನಾಮಂದಿರವಾಗಿತ್ತು. ಆತನಿಲ್ಲದಾಗ ದೀಕ್ಷೆ ಪಡೆಯದ ಥಾಮಸ್ ಮ್ಯಾಕ್ಸ್‌ಫೀಲ್ಡ್ ಅಲ್ಲಿ ಬೋಧಿಸತೊಡಗಿದ. ಜಾನ್ ಸಿಟ್ಟಿನಿಂದ ಧಾವಿಸಿ ಬಂದ. ಎಪ್ಪತ್ತರ ತಾಯಿ ತಡೆದು, ನಿನ್ನಂತೆಯೇ ಅವನಿಗೂ ದೇವರ ಕರೆಯುಂಟು, ಮೊದಲು ಕೇಳಿ ನೋಡು ಎಂದಳು. ಮಗ ಕೇಳಿದ, ಮಣಿದ. ದೀಕ್ಷೆಯಿಲ್ಲದ ಬೋಧಕರಿಂದಲೇ ಮೆಥೋಡಿಸ್ಟ್ ಪಂಥ ಊರೂರಿಗೆ ಹಬ್ಬಿತು.

1742ರ ಜುಲೈಯಲ್ಲಿ ಆಕೆ ತೀರಿಕೊಂಡಳು. ಸಮಾಧಿ ಬನ್‌ಹಿಲ್ ಫೀಲ್ಡ್ಸ್‌ನಲ್ಲಿ. ನಮ್ಮ ‘ಯಾತ್ರಿಕನ ಸಂಚಾರ’ದ ಮೂಲಕರ್ತೃ ಜಾನ್ ಬನ್ಯನ್ನನದೂ ಅಲ್ಲಿಯೇ. ಮೊದಲು ನೆಟ್ಟ ಕಲ್ಲಿನ ಮೇಲೆ ಚಾರ್ಲ್ಸ್ ಬರೆದ ಪದ್ಯವಿತ್ತು. ತಾಯಿಯ 70 ವರ್ಷಗಳನ್ನು ಆತ ಒಂದು ನೀಳವಾದ ಇರುಳೆಂದು ಕರೆದಿದ್ದಾನೆ. ಬೆಳಕು ಕಂಡದ್ದು ಆಮೇಲೆ ಎಂದು ಭಾವ. ಮಗನ ಭಕ್ತಿಯಲ್ಲಿ ನನಗೆ ಸಂದೇಹವಿಲ್ಲ. ಪದ್ಯವನ್ನು ಮಾತ್ರ ಒಪ್ಪಲಾರೆ. ಆ ಇರುಳಿನಲ್ಲಿಯೇ ಅಲ್ಲವೆ ಎಪ್‌ವರ್ತಿನ 200 ಜನ ಅಡುಗೆಮನೆಗೆ ಬಂದು ನಿಂತದ್ದು?